ಸ್ವಿಚ್ಚಕ್ಕನ ಮನೆಯ ಕೆಂಪು ಹೊತ್ತು

ನಮ್ಮ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸ್ವಿಚ್ಚಕ್ಕ. ಯಾರ ಮನೆಗೆ ಬಂದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಗೋಡೆಯ ಮೇಲಿನ ಸ್ವಿಚ್ ಬೋರ್ಡಿಗೆ. ಮಾತಾಡುತ್ತ ಮಾತಾಡುತ್ತಲೇ ಕೈ ಚಾಚಿ ಬೇಡದ ದೀಪ ಆರಿಸಿಬಿಡುವಳು. ಯಾವುದು ಬೇಡದ ದೀಪ ಎಂದು ತೀರ್ಮಾನ ಮಾಡುವವಳೂ ಅವಳೇ. ಒಮ್ಮೆ ನಾನು ಸೂಜಿಗೆ ದಾರ ಪೋಣಿಸುತ್ತಿರುವಾಗಲೇ ನನ್ನ ಟೇಬಲ್ ಲೈಟು ಆರಿಸಿದ್ದಳು.

"ಅಕ್ಕಾ, ನಾನೇನು ಬೆಕ್ಕಾ, ಕತ್ತಲಲ್ಲಿ ಕಣ್ಣು ಕಾಣೋಕೆ?" ಎಂದು ರೇಗಿದರೆ, "ಕಿಟಕಿ ಕಡೆ ತಿರುಗಿ ಕೂತ್ಕೋ, ಹೊರಗೆ ಅಷ್ಟು ಬೆಳಕು ಬಿದ್ದಿದೆ" ಎಂದು ನನಗೇ ಬುದ್ಧಿ ಹೇಳಿದಳು.

ನಾನು ಕೆಳಗಿನ ಮನೆಯ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಹಿಂದಿನ ಕೋಣೆಯಲ್ಲಿ ನನ್ನ ಸಂಸಾರ, ಅಂದರೆ ನಾನೊಬ್ಬಳೇ. ಸ್ವಿಚ್ಚಕ್ಕ ಸರಿಯಾಗಿ ನನ್ನ ತಲೆಯ ಮೇಲೆ, ಮೊದಲ ಮಹಡಿಯಲ್ಲಿ, ಗಂಡನ ಜೊತೆ ಇದ್ದಳು. ಒಡಹುಟ್ಟಿದವಳಲ್ಲ, ಆದರೂ ಅಕ್ಕ. ಹಾಗಾಗಿ ಅವಳ ಗಂಡ ನನಗೆ ಭಾವ. ಅವರಿಗೆ ಮಕ್ಕಳಿರಲಿಲ್ಲ. ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ. ರೋಗಿಗಳ ಹಾಸಿಗೆ ಬಟ್ಟೆ, ಡಾಕ್ಟರರ ಬಿಳಿ ಕೋಟು, ಎಲ್ಲ ಅವಳ ಕೈ ದಾಟಿಯೇ ಬರಬೇಕು. ಬಿಸಿನೀರು, ಸೋಡಾ ಎಂದು ಅವಳ ಬೆರಳ ತುದಿಗಳು ಯಾವಾಗಲೂ ಸುಲಿದಿರುತ್ತಿದ್ದವು.

ಭಾವ ಊರಾಚೆ ಇದ್ದ ಕಲ್ಲಿದ್ದಲ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದವರು. ಬಾಯ್ಲರಿನ ತಳದಲ್ಲಿ ಬಿದ್ದ ಬೂದಿ ಎಳೆದು ಹಾಕುವುದು ಅವರ ಪಾಲಿನ ಕೆಲಸ. ವಯಸ್ಸೆಲ್ಲ ಅಲ್ಲೇ ಕಳೆದು, ಎದೆಯೊಳಗೆ ಆ ಬೂದಿಯನ್ನೇ ತುಂಬಿಕೊಂಡು ಮನೆಗೆ ಬಂದರು. ಕಿಟಕಿ ಪಕ್ಕದ ಮಂಚ, ಬೆನ್ನಿಗೆ ದಿಂಬುಗಳ ರಾಶಿ, ಮೂಗಿಗೆ ಸಣ್ಣ ಕೊಳವೆ, ಮಂಚದ ಕಾಲ ಹತ್ತಿರ ಗುಂಯ್ ಎನ್ನುತ್ತ ಕೂತಿರುವ ಆಕ್ಸಿಜನ್ ಮಿಷನ್. ಇಷ್ಟೇ ಅವರ ಪ್ರಪಂಚ. ಆದರೆ ನಾಲಿಗೆ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಕಾಲೆಳೆಯುವುದರಲ್ಲಿ ಅವರದು ಎತ್ತಿದ ಕೈ. "ಏನು ನಾದಿನೀ, ಇವತ್ತು ಯಾರ ತೋಳು ಗಿಡ್ಡ ಮಾಡಿ ಬಂದೆ?" ಎಂದೇ ನನ್ನನ್ನು ಒಳಗೆ ಕರೆಯುತ್ತಿದ್ದರು. ಯಾರು ಏನೇ ಅಂದರೂ ಅದಕ್ಕೊಂದು ಉತ್ತರ ಕೊಡದೆ ಬಿಟ್ಟವರಲ್ಲ.

ಕಾರ್ಖಾನೆ ಮುಚ್ಚಿದಾಗ ಬೀದಿಯಲ್ಲಿ ಗೋಳಾಡದವರಿಲ್ಲ. ಒಳ್ಳೆಯದಾಯಿತು ಎಂದವರು ಭಾವ ಒಬ್ಬರೇ. "ಬಿಸಿಲಿಂದ, ಗಾಳಿಯಿಂದ ಕರೆಂಟ್ ಬರುತ್ತೆ ಅಂದ್ರೆ ಬರಲಿ ಬಿಡು. ಇನ್ನೊಬ್ಬ ನನ್ನ ಥರ ಬೂದಿ ತಿನ್ನೋದು ಬೇಡ" ಅಂದರು. ಈ ಮಾತನ್ನು ಅವರು ಕೊನೆಯವರೆಗೂ ಹಿಂದೆ ತೆಗೆದುಕೊಳ್ಳಲಿಲ್ಲ. ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಹೊಸ ಕರೆಂಟಿನ ಜೊತೆ ಹೊಸ ಮೀಟರು ಬಂತು. ಅದಕ್ಕೆ ಮೊದಲೇ ದುಡ್ಡು ತುಂಬಿಸಬೇಕು. ಮುಗಿದ ಕೂಡಲೇ ಮನೆ ತಂತಾನೇ ಕತ್ತಲಾಗುತ್ತದೆ. ಹಿಂದೆಲ್ಲ ಲೈನ್ ಕತ್ತರಿಸಲು ಏಣಿ ಹೊತ್ತು ಒಬ್ಬ ಬರುತ್ತಿದ್ದ, ಅವನಿಗೆ ಚಹಾ ಕೊಟ್ಟು ನಾಳೆಯವರೆಗೆ ತಡಿಯಪ್ಪ ಎಂದು ಅಂಗಲಾಚಬಹುದಿತ್ತು. ಈ ಮೀಟರು ಚಹಾ ಕುಡಿಯುವುದಿಲ್ಲ. ಅದರ ಮುಖದ ಮೇಲೆ ಒಂದು ಸಣ್ಣ ದೀಪ. ಹಗಲು ಬಿಸಿಲಿರುವಾಗ ಅದು ಹಸಿರು, ಕರೆಂಟು ಅಗ್ಗ. ಹೊತ್ತು ಮುಳುಗಿ, ಊರಿನವರೆಲ್ಲ ಮನೆ ಸೇರಿ ಒಟ್ಟಿಗೇ ದೀಪ, ಒಲೆ ಹಾಕುವಾಗ ಅದು ಕೆಂಪು. ಆಗ ಕರೆಂಟು ಮುಟ್ಟಿದರೆ ಕೈ ಸುಡುವಷ್ಟು ದುಬಾರಿ. ಊರು ಉಂಡು ಮುಗಿಸಿದ ಮೇಲೆ ಮತ್ತೆ ಹಸಿರಾಗುತ್ತದೆ. ನಡುವಿನ ಆ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಕೆಂಪು ಹೊತ್ತು ಎಂದೇ ಹೆಸರು ಬಿತ್ತು.

ನಮಗೆಲ್ಲ ಅದು ಕಿರಿಕಿರಿ. ಸ್ವಿಚ್ಚಕ್ಕನಿಗೆ ಅದು ಹಟ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದವಳೇ ಅಡುಗೆ ಮುಗಿಸುವಳು, ನೀರು ಕಾಯಿಸಿಡುವಳು. ಕೆಂಪಾದ ಕೂಡಲೇ ಫ್ಯಾನು, ದೀಪ, ಫ್ರಿಜ್ಜು ಎಲ್ಲ ಬಂದ್. ಕೊನೆಗೆ ಉಳಿದದ್ದು ಭಾವನ ಮಿಷನ್ ಒಂದೇ. ಅದನ್ನು ಮುಟ್ಟಲು ಅವಳಿಗೂ ಧೈರ್ಯ ಬರಲಿಲ್ಲ. ಆದರೆ ಆ ಮಿಷನ್ ಒಂದೇ ಕೆಂಪು ಹೊತ್ತಿನಲ್ಲಿ ಮೀಟರಿನ ಅರ್ಧ ದುಡ್ಡು ನುಂಗುತ್ತಿತ್ತು. ತಿಂಗಳ ಕೊನೆಯಲ್ಲಿ ಮನೆಯೇ ಕತ್ತಲಾಗಿ, ಹಗಲಿನ ಉಸಿರಿಗೂ ಸಂಚಕಾರ ಬಂತು. ಆಗ ಭಾವನೇ ಅಂದರು: "ಸ್ವಲ್ಪ ಹೊತ್ತು ತಾನೇ? ಅಲ್ಲಾಡದೆ ಕೂತ್ರೆ ತಡ್ಕೋಬಹುದು. ಆರಿಸು."

ಹೀಗೆ ಆ ಮನೆಗೆ ಒಂದು ಪದ್ಧತಿ ಬಂತು. ಕೆಂಪು ಹೊತ್ತಿನಲ್ಲಿ ಭಾವ ಅಲುಗಾಡಬಾರದು, ನಗಬಾರದು, ಮಾತಾಡಬಾರದು. ಮಾತಿಗೆ ಉಸಿರು ಖರ್ಚಾಗುತ್ತದೆ. ಅಕ್ಕನೂ ಮಾತಾಡಬಾರದು, ಏಕೆಂದರೆ ಅವಳು ಒಂದು ಅಂದರೆ ಅವರು ಎರಡು ಅನ್ನುತ್ತಾರೆ. ಅವಳು ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಅವರ ಕೈ ಹಿಡಿದು ಕೂರುವಳು. ನಾನು ಹೋದರೆ ನನ್ನ ಬಾಯಿಗೂ ಬೀಗ. ಕತ್ತಲಲ್ಲಿ ಇಬ್ಬರೂ ಬಸ್ಸಿಗೆ ಕಾದವರ ಹಾಗೆ ಸುಮ್ಮನೆ ಕೂತಿರುತ್ತಿದ್ದರು. ಹಸಿರಾದ ಕೂಡಲೇ ಅಕ್ಕ ಎದ್ದು ಮಿಷನ್ ಹಾಕಿ, ಅವರ ಮೂಗಿಗೆ ಕೊಳವೆ ಸಿಕ್ಕಿಸುವಳು. ಆಮೇಲೆ ಅಷ್ಟು ಹೊತ್ತು ಕಟ್ಟಿಟ್ಟ ಮಾತೆಲ್ಲ ಇಬ್ಬರ ಬಾಯಿಂದಲೂ ಒಟ್ಟಿಗೇ ಸುರಿಯುತ್ತಿತ್ತು.

"ಅಕ್ಕ, ಇದು ಸರಿಯಲ್ಲ" ಅಂದೆ ನಾನು.

"ನೀನೂ ಕೆಂಪಲ್ಲಿ ನಿನ್ನ ಮಿಷನ್ನಿನ ಮೋಟಾರ್ ಆರಿಸಿ ಕಾಲಲ್ಲೇ ತುಳೀತೀಯಲ್ಲ."

"ನನ್ನ ಮಿಷನ್ನಿಗೆ ಎದೆ ಇಲ್ಲ ಅಕ್ಕ."



ಅದೇ ವರ್ಷ ಕರೆಂಟ್ ಆಫೀಸಿನವರು ಕೆಂಪು ಹೊತ್ತಿನಲ್ಲಿ ಅತಿ ಕಡಿಮೆ ಕರೆಂಟು ಬಳಸಿದ ಮನೆ ಯಾವುದೆಂದು ಹುಡುಕಿದರು. ಹುಡುಕುವುದೇನು ಬಂತು, ಸ್ವಿಚ್ಚಕ್ಕನದೇ. ಮಾದರಿ ಮನೆ ಎಂದು ಕರೆದು, ಶಾಲು ಹೊದಿಸಿ, ಒಂದು ಬಲ್ಬು ಬಹುಮಾನ ಕೊಟ್ಟರು. ದೀಪವನ್ನೇ ಹಾಕದವಳಿಗೆ ಬಲ್ಬು! ನಾನು ಹೊಲಿದ ರವಿಕೆ ತೊಟ್ಟು ಅವಳು ತೆಗೆಸಿಕೊಂಡ ಫೋಟೊವನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಅಕ್ಕನ ಕಾಲು ನೆಲದ ಮೇಲಿರಲಿಲ್ಲ. "ಇನ್ನು ನಿನ್ನನ್ನ ಮುಟ್ಟಿದ್ರೆ ಶಾಕ್ ಹೊಡಿಯುತ್ತೆ ಕಣೇ" ಎಂದು ಭಾವ ಕಾಡಿಸಿದರು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಸಿರು ಹೊತ್ತಾದ್ದರಿಂದ ನಗಬಹುದಿತ್ತು.

ಚಳಿ ಶುರುವಾಗುವಾಗ ಭಾವನ ತುಟಿ ನೀಲಿಗಟ್ಟಿತು. ಪಾದ ಊದಿಕೊಂಡವು. ಅಕ್ಕ ಯಾರ ಕೋಟು ಒಗೆಯುತ್ತಿದ್ದಳೋ ಆ ಡಾಕ್ಟರಮ್ಮನನ್ನೇ ಕಾಡಿ ಬೇಡಿ ಮನೆಗೆ ಕರೆತಂದಳು. ಡಾಕ್ಟರಮ್ಮ ನೋಡಿ, ಕೇಳಿ, ಸಿಟ್ಟಿನಿಂದ ಕೆಂಪಾದರು.

"ದಿನಾ ಸಂಜೆ ಮಿಷನ್ ಆರಿಸ್ತೀರಾ? ಇವರ ಹೃದಯ ಸೋಲ್ತಾ ಇದೆ ಕಣಮ್ಮ. ಇನ್ನು ಒಂದು ಗಳಿಗೆನೂ ನಿಲ್ಲಿಸ್ಬಾರ್ದು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಆಗ ಡಾಕ್ಟರಮ್ಮನೇ ಒಂದು ದಾರಿ ಹೇಳಿದರು. ಇಂಥ ಮಿಷನ್ ಇರುವ ಮನೆಗಳಿಗೆ ಸರ್ಕಾರ ರಕ್ಷಣೆ ಕೊಡುತ್ತದೆ. ಕರೆಂಟ್ ಆಫೀಸಿನಲ್ಲಿ ರಕ್ಷಿತ ಮನೆ ಎಂದು ಬರೆಸಿಕೊಂಡರೆ ಕೆಂಪು ಹೊತ್ತಿನಲ್ಲೂ ಹಗಲಿನ ದರವೇ. ಮೀಟರಿನಲ್ಲಿ ದುಡ್ಡು ಮುಗಿದರೂ ಕರೆಂಟು ನಿಲ್ಲಿಸುವಂತಿಲ್ಲ. ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾರನೆಯ ದಿನವೇ ಡಾಕ್ಟರ ಚೀಟಿ ಹಿಡಿದು ಇಬ್ಬರೂ ಕರೆಂಟ್ ಆಫೀಸಿಗೆ ಹೋದೆವು.

ಕೌಂಟರಿನಲ್ಲಿದ್ದವನು ಒಳ್ಳೆಯ ಮನುಷ್ಯ. ಇದನ್ನು ಹೇಳಲೇಬೇಕು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರವಾಗುತ್ತಿದ್ದೆ. ಅಕ್ಕನಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, ಚೀಟಿ ಓದಿದ, ಕಂಪ್ಯೂಟರಿನಲ್ಲಿ ಏನೋ ಒತ್ತಿ ಹುಬ್ಬು ಗಂಟಿಕ್ಕಿದ.

"ಅಮ್ಮಾ, ಮನೇಲಿ ಮಿಷನ್ ಇದೆ ಅಂತೀರಿ. ಆದ್ರೆ ಕೆಂಪು ಹೊತ್ತಲ್ಲಿ ನಿಮ್ಮನೇಲಿ ಕರೆಂಟೇ ಓಡಿಲ್ವಲ್ಲ?"

"ಹೌದು ಸಾರ್. ನಾನೇ ಆರಿಸ್ತೀನಿ" ಅಂದಳು ಅಕ್ಕ. ಆ ಹೊತ್ತಿನಲ್ಲೂ ದನಿಯಲ್ಲಿ ಹೆಮ್ಮೆ.

"ಆರಿಸಿದ್ರೂ ಅವರು ಇದ್ದಾರೆ ತಾನೇ?"

"ಇದ್ದಾರೆ ಸಾರ್."

"ಅದೇ ತೊಂದ್ರೆ. ಕೆಂಪು ಹೊತ್ತಲ್ಲೂ ಮಿಷನ್ ಓಡಲೇಬೇಕು ಅನ್ನೋ ಮನೆಗೆ ಮಾತ್ರ ರಕ್ಷಣೆ. ನಿಮ್ಮನೆ ಅದಿಲ್ದೆ ನಡೀತಿದೆ ಅಂತ ಮೀಟರೇ ಹೇಳ್ತಿದೆ."

ನಾನು ನಡುವೆ ಬಾಯಿ ಹಾಕಿದೆ. "ದುಬಾರಿ ಅಂತ ತಾನೇ ಸಾರ್ ಆರಿಸಿದ್ದು? ದುಬಾರಿ ಆಗದಿರಲಿ ಅಂತ ತಾನೇ ರಕ್ಷಣೆ ಕೇಳ್ತಿರೋದು?"

ಅವನು ತಲೆ ಕೆರೆದುಕೊಂಡ. "ನಂಗೆ ಅರ್ಥ ಆಗುತ್ತೆ ತಾಯಿ. ಇದಕ್ಕೆ ಅರ್ಥ ಆಗಲ್ಲ" ಎಂದು ಕಂಪ್ಯೂಟರ್ ತೋರಿಸಿದ. "ಒಂದು ಕೆಲ್ಸ ಮಾಡಿ. ಇನ್ನು ಮೂರು ತಿಂಗಳು ಕೆಂಪು ಹೊತ್ತಲ್ಲಿ ಒಂದಿನಾನೂ ಬಿಡದೆ ಮಿಷನ್ ಓಡಿಸಿ. ಆಮೇಲೆ ಬನ್ನಿ. ತಾನಾಗೇ ಪಾಸಾಗುತ್ತೆ." ಆಮೇಲೆ ಅವನ ಕಣ್ಣು ಅಕ್ಕನ ಮುಖದಿಂದ ಗೋಡೆಯ ಮೇಲಿದ್ದ ಅವಳದೇ ಫೋಟೊಗೆ ಹೋಗಿ ವಾಪಸು ಬಂತು.

ನಮ್ಮ ಬೀದಿಯ ಮೂಲೆಯ ಬಟ್ಟೆ ಅಂಗಡಿಯವನ ತಾಯಿಗೂ ಇಂಥದೇ ಮಿಷನ್ ಇತ್ತು. ಆ ಮನೆಯಲ್ಲಿ ಕೆಂಪಿಗೂ ಹಸಿರಿಗೂ ವ್ಯತ್ಯಾಸವಿಲ್ಲ, ಏಸಿಯಿಂದ ಹಿಡಿದು ಗೇಟಿನ ದೀಪದವರೆಗೆ ಎಲ್ಲ ಓಡುತ್ತಿರುತ್ತಿತ್ತು. ಅವರಿಗೆ ಮೊದಲ ಸಲಕ್ಕೇ ರಕ್ಷಣೆ ಸಿಕ್ಕಿತ್ತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಆ ಮುದುಕಿಗೂ ಉಸಿರು ಬೇಕು. ಆದರೆ ಆ ದಿನ ಅವರ ಗೇಟಿನ ಮುಂದೆ ಹಾದು ಬರುವಾಗ ಅಕ್ಕ ತಲೆ ಎತ್ತಿ ಆ ದೀಪಗಳನ್ನು ಒಂದೊಂದಾಗಿ ನೋಡಿದಳು. ಅವಳ ಕೈ ಸುಮ್ಮನೆ ಪಕ್ಕದಲ್ಲಿ ಜೋತುಬಿದ್ದಿತ್ತು.

ಮಿಷನ್ ಓಡಿಸಬೇಕಾದರೆ ಮೀಟರಿಗೆ ತುಂಬಿಸಬೇಕು. ಅಕ್ಕ ಲಾಂಡ್ರಿಯಲ್ಲಿ ಸಂಜೆಯ ಪಾಳಿಯನ್ನೂ ಹಿಡಿದಳು. ನನ್ನ ಕಿಟಕಿಯಿಂದ ಒಂದು ವೈರ್ ಮೇಲಕ್ಕೆ ಎಳೆದುಕೊಡುತ್ತೇನೆ, ಕೆಂಪು ಹೊತ್ತಿಗೆ ನನ್ನ ಕರೆಂಟೇ ಓಡಲಿ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ನಿನ್ನ ಮೀಟರಲ್ಲಿ ಓಡಿದ್ರೆ ನನ್ನ ಮೀಟರಲ್ಲಿ ಮತ್ತೆ ಸೊನ್ನೆ ಬರುತ್ತಲ್ಲೇ. ಆಮೇಲೆ ಅವನು ಮತ್ತೆ ಅದೇ ರಾಗ ಎಳೀತಾನೆ." ಅದೂ ಸರಿಯೇ. ಸಹಾಯ ಮಾಡಿದರೆ ಅರ್ಜಿ ಕೆಡುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ಎಲ್ಲೂ ಕೇಳಿರಲಿಲ್ಲ.

ಕೆಂಪು ಹೊತ್ತಿನಲ್ಲಿ ಈಗ ಭಾವ ಮೇಲೆ ಒಬ್ಬರೇ. ಅಕ್ಕ ಹೋಗುವ ಮುಂಚೆ ಮಿಷನ್ ಹಾಕಿ, ಕೊಳವೆ ಸಿಕ್ಕಿಸಿ, ಫೋನು ಕೈಗೆ ಕೊಟ್ಟು ಹೋಗುವಳು. ನಾನು ಕೆಳಗೆ ಕಾಲಲ್ಲಿ ತುಳಿಯುತ್ತ ಹೊಲಿಯುತ್ತಿದ್ದೆ. ಒಂದು ಸಂಜೆ ನನ್ನ ಮಿಷನ್ನಿನ ಬೆಲ್ಟು ಹರಿಯಿತು. ಟಕಟಕ ನಿಂತಾಗಲೇ ನನಗೆ ಗೊತ್ತಾದದ್ದು, ಮೇಲೆ ಗುಂಯ್ ಎನ್ನುವ ಸದ್ದೇ ಇಲ್ಲ. ಎದ್ದು ಓಡಿದೆ. ಭಾವ ಕತ್ತಲಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಕೊಳವೆ ತೊಡೆಯ ಮೇಲೆ ಬಿದ್ದಿತ್ತು. ಹಣೆಯ ತುಂಬ ಬೆವರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ನಾನು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸ್ವಿಚ್ ಹಾಕಿ, ಕೊಳವೆ ಸಿಕ್ಕಿಸಿ, ಬಾಯಿಗೆ ಬಂದಂತೆ ಬೈದೆ.

ಉಸಿರು ಹಿಡಿತಕ್ಕೆ ಬಂದ ಮೇಲೆ ಅಂದರು: "ಅವಳಿಗೆ ಹೇಳ್ಬೇಡ ನಾದಿನಿ."

"ಹೇಳೇ ಹೇಳ್ತೀನಿ."

"ಅವಳ ಬೆರಳು ನೋಡಿದ್ದೀಯಾ? ತುತ್ತು ಕಲಸೋಕಾಗ್ತಿಲ್ಲ ಅವಳಿಗೆ. ಎಲ್ಲ ಈ ಡಬ್ಬ ನುಂಗೋಕಾ?"

ಮೊದಲ ಸಂಜೆಯಿಂದಲೇ ಹೀಗಂತೆ. ಅವಳು ಮೆಟ್ಟಿಲು ಇಳಿದ ಕೂಡಲೇ ಆರಿಸುವುದು, ಅವಳು ಬರುವ ಮೊದಲು ಹಾಕಿಕೊಳ್ಳುವುದು. ಮೀಟರಿನಲ್ಲಿ ದುಡ್ಡು ಇನ್ನೂ ಉಳಿದಿದೆಯಲ್ಲ ಎಂದು ಅಕ್ಕ ಆಶ್ಚರ್ಯಪಟ್ಟಾಗ, "ಈಗ ಗಾಳಿ ಚೆನ್ನಾಗಿ ಬೀಸ್ತಿದೆ, ಅದಕ್ಕೇ ಕರೆಂಟು ಅಗ್ಗ ಆಗಿದೆ" ಅಂದಿದ್ದರಂತೆ. ಕರೆಂಟಿನ ವಿಷಯದಲ್ಲಿ ಅವಳಿಗೆ ಗಂಡನ ಮಾತೇ ಕೊನೆ. ಅವರಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂದು ನಂಬಿದ್ದಳು.

ಅವಳು ಕೆಲಸದಿಂದ ಬಂದಾಗ ಮೆಟ್ಟಿಲಲ್ಲೇ ತಡೆದು ಎಲ್ಲ ಹೇಳಿದೆ. ಜಗಳ ಆಡುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಂದ್ರೆ ಮೀಟರಲ್ಲಿ ಇಷ್ಟು ದಿನಾನೂ ಸೊನ್ನೆನೇ" ಅಂದಳು, ಅಷ್ಟೇ. ಎರಡು ಪಾಳಿ ಬಟ್ಟೆ ಒಗೆದ ಸೋಡಾದ ವಾಸನೆ ಅವಳ ಮೈಯಿಂದ ಬರುತ್ತಿತ್ತು. ನಾನು ಅವಳ ಪಕ್ಕ ಕೂತು ಅತ್ತೆ. ಅವಳು ಅಳಲಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಕೆಂಪು ಹೊತ್ತಿಗೆ ನಾನೇ ಹೊಲಿಗೆ ಎತ್ತಿಕೊಂಡು ಮೇಲೆ ಹೋಗಿ ಕಾವಲು ಕೂತೆ. ಕೈಹೊಲಿಗೆ, ಗುಂಡಿ ಹಾಕುವುದು ಎಲ್ಲ ಅಲ್ಲೇ. ಭಾವ ಮುಖ ಊದಿಸಿಕೊಂಡರೂ ಕೊಳವೆ ತೆಗೆಯಲಿಲ್ಲ. ತುಟಿಯ ನೀಲಿ ಸ್ವಲ್ಪ ತಿಳಿಯಾಯಿತು. "ಜೈಲರ್ ನಾದಿನಿ" ಎಂದು ನನಗೆ ಹೊಸ ಹೆಸರಿಟ್ಟರು. ಆ ಕೆಲವು ವಾರ ನನಗೆ ನಿಜವಾಗಿ ಆಸೆ ಚಿಗುರಿತ್ತು. ದಡ ಮುಟ್ಟುತ್ತೇವೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಆಸ್ಪತ್ರೆಯವರೂ ಬುದ್ಧಿವಂತರಾದರು. ಕೆಂಪು ಹೊತ್ತಿನಲ್ಲಿ ಬಟ್ಟೆ ಒಗೆದರೆ ಕರೆಂಟಿಗೆ ದುಬಾರಿ, ಹಗಲು ಒಗೆದರೆ ಅಗ್ಗ. ಲಾಂಡ್ರಿಯ ಸಂಜೆ ಪಾಳಿಯನ್ನೇ ತೆಗೆದುಹಾಕಿದರು. ಅಕ್ಕನಿಗೆ ಬೆಳಗಿನ ಪಾಳಿಯೊಂದೇ ಉಳಿಯಿತು, ಇನ್ನೂ ಎಷ್ಟೋ ಹೆಂಗಸರಿಗೂ ಸಂಜೆಯ ದುಡಿಮೆ ತಪ್ಪಿತು. ಮೀಟರಿನಲ್ಲಿ ಉಳಿದದ್ದು ಕೆಲವು ಸಂಜೆ ಓಡಿತು. ಆಮೇಲೆ ಒಂದು ಕೆಂಪು ಹೊತ್ತಿನಲ್ಲಿ, ನಾನು ಗುಂಡಿ ಹಾಕುತ್ತಿರುವಾಗಲೇ, ಮಿಷನ್ ತಾನಾಗಿ ನಿಂತಿತು.

ಅರ್ಜಿಯ ಆಸೆ ಬಿಟ್ಟು ನನ್ನ ಕಿಟಕಿಯಿಂದ ವೈರ್ ಎಳೆದೆ. ಅದೂ ಹೆಚ್ಚು ದಿನ ನಡೆಯಲಿಲ್ಲ. ನನ್ನ ಮೀಟರೂ ಬರಿದಾಗಿ, ಗಿರಾಕಿಗಳ ಬಟ್ಟೆ ಕತ್ತಲಲ್ಲಿ ಬಿದ್ದವು. ಭಾವನಿಗೆ ಅದು ಹೇಗೋ ಗೊತ್ತಾಯಿತು. ವೈರನ್ನು ಕಿತ್ತು, ಕಿಟಕಿಯಿಂದ ಕೆಳಗೆ ಬಿಟ್ಟು, "ಎರಡು ಮನೆ ಕತ್ತಲಾಗೋದು ಬೇಡ ಕಣಮ್ಮ" ಅಂದರು. ಅವರು ನನ್ನನ್ನು ನಾದಿನಿ ಅನ್ನದೆ ಮಾತಾಡಿದ್ದು ಅದೇ ಮೊದಲು. ಅಕ್ಕ ಮತ್ತೊಮ್ಮೆ ಕರೆಂಟ್ ಆಫೀಸಿಗೆ ಹೋಗಿ ಬಂದಳು. ಮೂರು ತಿಂಗಳು ತುಂಬಿಲ್ಲ ಅಂದರಂತೆ. ಇನ್ನೇನು ಮಾಡುವುದು ಎಂದು ಅವಳು ನನ್ನನ್ನು ಕೇಳಿದಳು.

ಅವರು ಹಳೆಯ ಪದ್ಧತಿಗೇ ಮರಳಿದರು. ಕೆಂಪಾಗುತ್ತಿದ್ದಂತೆ ಮಿಷನ್ ಆರಿಸಿ, ಸ್ಟೂಲ್ ಎಳೆದುಕೊಂಡು, ಕೈ ಹಿಡಿದುಕೊಂಡು, ಮಾತಿಲ್ಲದೆ ಕೂರುವುದು. ಭಾವ ಈಗ ಕಣ್ಣು ಮುಚ್ಚಿಯೇ ಇರುತ್ತಿದ್ದರು. ಉಸಿರು ಎಷ್ಟು ಮೆಲ್ಲಗೆ ಆಡುತ್ತಿತ್ತೆಂದರೆ, ಬಾಗಿಲಲ್ಲಿ ನಿಂತವರಿಗೆ ತಿಳಿಯುತ್ತಲೇ ಇರಲಿಲ್ಲ. "ಈಗ ಚೆನ್ನಾಗಿ ಅಭ್ಯಾಸ ಆಗಿದೆ ಅವರಿಗೆ, ಒಂಚೂರೂ ಅಲ್ಲಾಡಲ್ಲ" ಎಂದು ಅಕ್ಕ ಒಮ್ಮೆ ನನ್ನ ಹತ್ತಿರ ಹೇಳಿದಳು. ಅವಳಿಗೆ ಬೇರೆ ಸಮಾಧಾನ ಇರಲಿಲ್ಲ.

ಆ ದಿನ ಭಾವನ ಹಳೆಯ ಅಂಗಿಯ ಕಾಲರ್ ತಿರುಗಿಸಿ ಹೊಲಿದಿಟ್ಟಿದ್ದೆ. ಮೀಟರು ಹಸಿರಾದದ್ದು ನೋಡಿಯೇ ಮೆಟ್ಟಿಲು ಹತ್ತಿದೆ. ಅರ್ಧ ಹತ್ತುವಾಗಲೇ ಮಿಷನ್ ಗುಂಯ್ ಎನ್ನತೊಡಗಿತು, ಅಕ್ಕನ ಮಾತೂ ಶುರುವಾಯಿತು. ಲಾಂಡ್ರಿಗೆ ಹೊಸದಾಗಿ ಬಂದವನು ಬಿಳಿ ಕೋಟುಗಳ ಜೊತೆ ಒಂದು ಕೆಂಪು ಟವೆಲ್ ಹಾಕಿ, ಡಾಕ್ಟರರನ್ನೆಲ್ಲ ಗುಲಾಬಿ ಮಾಡಿಬಿಟ್ಟನಂತೆ. ಹೇಳುತ್ತ ಹೇಳುತ್ತ ಅವಳೇ ನಗುತ್ತಿದ್ದಳು. ನಾನೂ ಮೆಟ್ಟಿಲ ಮೇಲೆ ನಕ್ಕೆ. ಭಾವ ಇದಕ್ಕೆ ಏನನ್ನುತ್ತಾರೋ ಎಂದು ಕಿವಿ ನಿಮಿರಿಸಿ ಬಾಗಿಲಿಗೆ ಬಂದೆ.

ಅಕ್ಕ ಬಗ್ಗಿ ಅವರ ಮೂಗಿಗೆ ಕೊಳವೆ ಸರಿಮಾಡುತ್ತಿದ್ದಳು. ಅವರ ತಲೆ ಅವಳ ಕೈ ತಿರುಗಿಸಿದ ಕಡೆಗೆ ತಿರುಗಿ ಅಲ್ಲೇ ನಿಂತಿತು. ಕೆಂಪು ಹೊತ್ತಿನ ಯಾವ ಗಳಿಗೆಯಲ್ಲಿ ಹೋದರೋ ಯಾರಿಗೂ ಗೊತ್ತಿಲ್ಲ. ಅಷ್ಟು ಹೊತ್ತೂ ಅವಳು ಅವರ ಕೈ ಹಿಡಿದುಕೊಂಡೇ ಕೂತಿದ್ದಳು. ಮಾತಾಡಬಾರದಲ್ಲ, ಅದಕ್ಕೆ ಕರೆದು ನೋಡಿರಲಿಲ್ಲ.

ಅಂಗಿ ನನ್ನ ಕೈಯಲ್ಲೇ ಇತ್ತು. ಒಳಗೆ ಕಾಲಿಡಲು ಆಗಲಿಲ್ಲ. ಅಕ್ಕ ನನ್ನನ್ನು ನೋಡಲೂ ಇಲ್ಲ. ಅವರ ಕೆನ್ನೆ ತಟ್ಟಿ, ಸ್ವಲ್ಪ ಗದರುವ ದನಿಯಲ್ಲಿ ಹೇಳುತ್ತಿದ್ದಳು:

"ರೀ, ಹಸಿರಾಯ್ತು ನೋಡ್ರೀ. ಇನ್ನು ಮಾತಾಡಬಹುದು."